ಅಧಿಕಾರವಿಲ್ಲದ ಸಂಸದನ ಕೈಯಲ್ಲಿ ಏನಿರುತ್ತದೆ? ಟ್ಯಾಮ್ ಡಿಯೆಲ್ ಅವರ 43 ವರ್ಷಗಳು

ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನಿಂದ ಉತ್ತರಕ್ಕೆ, ಅಲ್ಡಾಬ್ರ ಎಂಬ ಹವಳದ ದ್ವೀಪವಿದೆ. ಕುಡಿಯುವ ನೀರು ಅಪರೂಪ, ನೆಲವೆಲ್ಲ ಚೂಪು ಕಲ್ಲು. ಹಾಗಾಗಿಯೇ ಮನುಷ್ಯರು ಅಲ್ಲಿ ಹೆಚ್ಚಾಗಿ ನೆಲೆಯೂರಲಿಲ್ಲ, ದೈತ್ಯ ಆಮೆಗಳು ಉಳಿದುಕೊಂಡವು. ಇಂದು ಅಲ್ಲಿ ಸುಮಾರು ಒಂದು ಲಕ್ಷ ಆಮೆಗಳಿವೆ. ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿ 2006ರಲ್ಲಿ ಸತ್ತ ಅದ್ವೈತ ಎಂಬ ಮುದಿ ಆಮೆಯೂ ಇದೇ ಜಾತಿಯದು. 1960ರ ದಶಕದ ಮಧ್ಯದಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆಯ ಕಣ್ಣು ಈ ದ್ವೀಪದ ಮೇಲೆ ಬಿತ್ತು. ಸೂಯೆಜ್ ಕಾಲುವೆಯ ಪೂರ್ವಕ್ಕಿರುವ ದೇಶಗಳಿಗೆ ಸೈನಿಕರನ್ನೂ ಸಾಮಗ್ರಿಯನ್ನೂ ಸಾಗಿಸುವ ವಿಮಾನಗಳು ನಡುವೆ ಇಳಿದು ಏಳಲು ಅಲ್ಲೊಂದು ರನ್‌ವೇ ಬೇಕೆಂದು ಯೋಜನೆ ಹಾಕಿದರು. 1965ರ ನವೆಂಬರ್‌ನಲ್ಲಿ ಅಲ್ಡಾಬ್ರ, ಛಾಗೋಸ್ ಮೊದಲಾದ ದ್ವೀಪಗಳನ್ನು ಒಟ್ಟುಗೂಡಿಸಿ ‘ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶ’ ಎಂಬ ಹೊಸ ವಸಾಹತನ್ನೇ ಹುಟ್ಟುಹಾಕಿದರು.

ಇದನ್ನು ತಡೆಯಲು ನಿಂತವರಲ್ಲಿ ಜೀವವಿಜ್ಞಾನಿಗಳಿದ್ದರು, ಲಂಡನ್ನಿನ ರಾಯಲ್ ಸೊಸೈಟಿ ಇತ್ತು, ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಇತ್ತು. ಆದರೆ ವಿಜ್ಞಾನಿಗಳು ಪತ್ರ ಬರೆಯಬಹುದು, ಪತ್ರಿಕೆಯಲ್ಲಿ ಲೇಖನ ಪ್ರಕಟಿಸಬಹುದು. ಸಚಿವರನ್ನು ಎದ್ದು ನಿಲ್ಲಿಸಿ ಉತ್ತರ ಕೇಳುವ ಹಕ್ಕು ಅವರಿಗಿಲ್ಲ. ಆ ಹಕ್ಕು ಇದ್ದದ್ದು ಸಂಸದರಿಗೆ. ಸ್ಕಾಟ್ಲೆಂಡಿನ ವೆಸ್ಟ್ ಲೋಥಿಯನ್ ಕ್ಷೇತ್ರದ ಸಂಸದ ಟ್ಯಾಮ್ ಡಿಯೆಲ್ ಆ ಹಕ್ಕನ್ನು ವಿಜ್ಞಾನಿಗಳ ಪರವಾಗಿ ಬಳಸಿದರು. ಕೇಂಬ್ರಿಜ್‌ನ ಭೂಗೋಳ ವಿಜ್ಞಾನಿ ಡೇವಿಡ್ ಸ್ಟಾಡರ್ಟ್ ಮತ್ತು ಅವರ ಜೊತೆಯವರು ಒದಗಿಸುತ್ತಿದ್ದ ವಿವರಗಳನ್ನು ಇಟ್ಟುಕೊಂಡು ಒಂದಲ್ಲ ಎರಡಲ್ಲ, ಹತ್ತಾರು ಪ್ರಶ್ನೆಗಳನ್ನು ಒಂದರ ಹಿಂದೆ ಒಂದರಂತೆ ಸದನದಲ್ಲಿ ಹಾಕಿದರು. ಅಧಿಕಾರದಲ್ಲಿದ್ದದ್ದು ಅವರದೇ ಲೇಬರ್ ಪಕ್ಷ. ರಕ್ಷಣಾ ಸಚಿವ ಡೆನಿಸ್ ಹೀಲಿ ಅವರದೇ ಪಕ್ಷದ ದೊಡ್ಡ ತಲೆ.

1967ರ ನವೆಂಬರ್‌ನಲ್ಲಿ ಪೌಂಡ್‌ನ ಮೌಲ್ಯ 2.80 ಡಾಲರ್‌ನಿಂದ 2.40ಕ್ಕೆ ಇಳಿಯಿತು. ಖರ್ಚು ಕಡಿತಗೊಳಿಸಬೇಕಾಗಿ ಬಂದಾಗ ಸರ್ಕಾರ ಮೊದಲು ಕೈಬಿಟ್ಟ ಯೋಜನೆಗಳಲ್ಲಿ ಅಲ್ಡಾಬ್ರವೂ ಒಂದು. ಹಾಗಾದರೆ ಆಮೆಗಳನ್ನು ಉಳಿಸಿದ್ದು ಪ್ರಶ್ನೆಯೋ ಅಪಮೌಲ್ಯವೋ? ಎರಡೂ ಎಂಬುದೇ ನನ್ನ ಉತ್ತರ. ಹಣದ ಮುಗ್ಗಟ್ಟು ಬಂದಾಗ ಯಾರೂ ವಿರೋಧಿಸದ ಯೋಜನೆಗಳು ಸುಲಭವಾಗಿ ಬದುಕಿಕೊಳ್ಳುತ್ತವೆ. ಪ್ರಶ್ನೆಗಳ ಸುರಿಮಳೆಗೆ ಸಿಕ್ಕು ಈಗಾಗಲೇ ತಲೆನೋವಾಗಿರುವ ಯೋಜನೆಗೆ ಮೊದಲು ಕತ್ತರಿ ಬೀಳುತ್ತದೆ. 1982ರಲ್ಲಿ ಅಲ್ಡಾಬ್ರ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈ ಗೆಲುವಿನ ಪಕ್ಕದಲ್ಲೇ ಒಂದು ದೊಡ್ಡ ಅನ್ಯಾಯವಿದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅದೇ ವಸಾಹತಿನ ಇನ್ನೊಂದು ಭಾಗವಾದ ಛಾಗೋಸ್‌ನ ಡಿಯಾಗೊ ಗಾರ್ಸಿಯ ದ್ವೀಪದಲ್ಲಿ ಅಮೆರಿಕದ ಸೇನಾನೆಲೆ ಎದ್ದಿತು. ಅದಕ್ಕಾಗಿ 1968ರಿಂದ 1973ರ ನಡುವೆ ಛಾಗೋಸ್‌ನ ಮೂಲ ನಿವಾಸಿಗಳನ್ನೆಲ್ಲ ಒಕ್ಕಲೆಬ್ಬಿಸಿ ಮಾರಿಷಸ್ ಮತ್ತು ಸೇಷೆಲ್ಸ್‌ಗೆ ಸಾಗಿಸಿದರು. ಆಮೆಗಳ ಪರವಾಗಿ ಎದ್ದಂಥ ಪ್ರಶ್ನೆಗಳ ಮಳೆ ಆ ಹೊತ್ತಿನಲ್ಲಿ ಆ ಜನರ ಪರವಾಗಿ ಏಳಲಿಲ್ಲ. ಆಮೆಗಳ ಬಗ್ಗೆ ವಿವರ ಒದಗಿಸಲು ರಾಯಲ್ ಸೊಸೈಟಿ ಇತ್ತು. ಕೊಬ್ಬರಿ ತೋಟದ ಕೂಲಿಗಳ ಬಗ್ಗೆ ಲಂಡನ್ನಿನಲ್ಲಿ ಬಾಯಿ ತೆರೆಯುವವರೇ ಇರಲಿಲ್ಲ. ಸಂಸದನ ಪ್ರಶ್ನೆ ಎಷ್ಟು ಬಲವಾದ ಸಾಧನವೋ, ಹೊರಗಿನಿಂದ ಮಾಹಿತಿ ಬರದಿದ್ದರೆ ಅಷ್ಟೇ ಕುರುಡಾದ ಸಾಧನವೂ ಹೌದು.

ಪ್ರಶ್ನೆ ಹೇಗೆ ಕೆಲಸ ಮಾಡುತ್ತದೆ

ಬ್ರಿಟನ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಸಚಿವರೂ ವಿರೋಧ ಪಕ್ಷದ ಪ್ರಮುಖರೂ ಎದುರುಬದುರಾಗಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಉಳಿದ ನೂರಾರು ಮಂದಿ ಹಿಂದಿನ ಸಾಲುಗಳವರು. ಅವರಿಗೆ ಇಲಾಖೆಯಿಲ್ಲ, ಕಡತವಿಲ್ಲ, ಸಹಿಯ ಅಧಿಕಾರವಿಲ್ಲ. ಮತದಾನ ಹೇಗಿರಬೇಕೆಂದು ಪಕ್ಷದ ಸಚೇತಕರು ಮೊದಲೇ ತಿಳಿಸಿರುತ್ತಾರೆ. ಖಾಸಗಿ ಸದಸ್ಯರ ಮಸೂದೆಗೆ ಚರ್ಚೆಯ ಸಮಯ ಹೆಚ್ಚಾಗಿ ಸಿಗುವುದು ಚೀಟಿ ಎತ್ತುವುದರಲ್ಲಿ ಹೆಸರು ಬಂದವರಿಗೆ, ಸರ್ಕಾರ ಅಡ್ಡ ನಿಂತರೆ ಅದೂ ಪಾಸಾಗುವುದು ಕಷ್ಟ. ಹೀಗಿರುವಾಗ ಪ್ರತಿದಿನವೂ ಕೈಗೆಟುಕುವ ಸಾಧನವೆಂದರೆ ಪ್ರಶ್ನೆ.

ಲಿಖಿತ ಪ್ರಶ್ನೆಯನ್ನು ಸಂಸದ ಸದನದ ಕಚೇರಿಗೆ ಕೊಡುತ್ತಾನೆ. ಅದು ನಿಯಮಕ್ಕೆ ತಕ್ಕಂತಿದೆಯೇ, ಸಚಿವರ ವ್ಯಾಪ್ತಿಗೆ ಬರುತ್ತದೆಯೇ ಎಂದು ಅಲ್ಲಿನ ಅಧಿಕಾರಿಗಳು ನೋಡುತ್ತಾರೆ. ಅಲ್ಲಿಂದ ಅದು ಇಲಾಖೆಗೆ ಹೋಗುತ್ತದೆ. ಇಲಾಖೆಯ ಯಾವುದೋ ಕೋಣೆಯಲ್ಲಿ ಒಬ್ಬ ಅಧಿಕಾರಿ ಕಡತ ತೆಗೆಯಬೇಕು, ಉತ್ತರದ ಕರಡು ಬರೆಯಬೇಕು, ಮೇಲಿನವರಿಗೆ ತೋರಿಸಬೇಕು. ಕೊನೆಗೆ ಸಚಿವರು ಅದಕ್ಕೆ ತಮ್ಮ ಹೆಸರು ಕೊಡಬೇಕು. ಉತ್ತರ ಹ್ಯಾನ್ಸಾರ್ಡ್ ಎಂಬ ಸದನದ ಅಧಿಕೃತ ವರದಿಯಲ್ಲಿ ಅಚ್ಚಾಗುತ್ತದೆ. ಒಮ್ಮೆ ಅಚ್ಚಾದ ಮೇಲೆ ಅದನ್ನು ಅಳಿಸಲಾಗದು. ಮುಂದಿನ ಪ್ರಶ್ನೆಯನ್ನು ಆ ಉತ್ತರದ ಮೇಲೆಯೇ ಕಟ್ಟಬಹುದು. ‘ಪರಿಶೀಲನೆಯಲ್ಲಿದೆ’ ಎಂದರೆ ‘ಯಾರು ಪರಿಶೀಲಿಸುತ್ತಿದ್ದಾರೆ, ಯಾವಾಗ ಮುಗಿಯುತ್ತದೆ’ ಎಂದು ಕೇಳಬಹುದು. ‘ಹೇಳುವುದು ಸಾರ್ವಜನಿಕ ಹಿತಕ್ಕೆ ಒಳಿತಲ್ಲ’ ಎಂದರೆ, ಅಲ್ಲೇನೋ ಇದೆ ಎಂಬುದಾದರೂ ತಿಳಿಯುತ್ತದೆ.

ಮೌಖಿಕ ಪ್ರಶ್ನೆಯ ಬಗೆ ಬೇರೆ. ಅಲ್ಲಿ ಬರೆದುಕೊಟ್ಟ ಮೊದಲ ಪ್ರಶ್ನೆಗಿಂತ, ಮೊದಲೇ ತಿಳಿಸದೆ ಕೇಳುವ ಉಪಪ್ರಶ್ನೆಗೆ ತೂಕ ಹೆಚ್ಚು. ಆ ಕಾಲದಲ್ಲಿ ಪ್ರಧಾನಿ ಮಂಗಳವಾರ ಮತ್ತು ಗುರುವಾರ ತಲಾ ಹದಿನೈದು ನಿಮಿಷ ಉತ್ತರಿಸುತ್ತಿದ್ದರು. ಸಂಸದರು ‘ಪ್ರಧಾನಿಯ ಇಂದಿನ ಕಾರ್ಯಕ್ರಮಗಳೇನು’ ಎಂಬ ನಿರುಪದ್ರವಿ ಪ್ರಶ್ನೆ ಬರೆದುಕೊಟ್ಟು, ಉತ್ತರ ಬಂದ ಕೂಡಲೇ ತಮಗೆ ಬೇಕಾದ ವಿಷಯಕ್ಕೆ ನೆಗೆಯುತ್ತಿದ್ದರು. ಡಿಯೆಲ್ ಅವರ ಉಪಪ್ರಶ್ನೆಗಳು ತುಂಬ ಚಿಕ್ಕವು. ಉದ್ದ ಪ್ರಶ್ನೆ ಕೇಳಿದರೆ ಸಚಿವರು ಅದರಲ್ಲಿ ತಮಗೆ ಅನುಕೂಲವಾದ ತುಂಡನ್ನು ಹಿಡಿದುಕೊಂಡು ಉತ್ತರಿಸಿ ಕೂತುಬಿಡುತ್ತಾರೆ. ಚಿಕ್ಕ ಪ್ರಶ್ನೆಯಲ್ಲಿ ಜಾರಿಕೊಳ್ಳಲು ಜಾಗವಿಲ್ಲ.

ಸದನ ಮುಂದೂಡುವ ಮುನ್ನ ದಿನದ ಕೊನೆಯಲ್ಲಿ ಅರ್ಧ ಗಂಟೆಯ ಒಂದು ಚರ್ಚೆಗೂ ಅವಕಾಶವಿದೆ. ಒಬ್ಬ ಸಂಸದ ಒಂದು ವಿಷಯ ಎತ್ತುತ್ತಾನೆ, ಒಬ್ಬ ಸಚಿವ ಉತ್ತರಿಸಲೇಬೇಕು. ಬೆಂಚುಗಳು ಖಾಲಿ, ಪತ್ರಕರ್ತರೂ ಮನೆಗೆ ಹೋಗಿರುತ್ತಾರೆ. ಆದರೆ ಅದೂ ಹ್ಯಾನ್ಸಾರ್ಡ್‌ನಲ್ಲಿ ದಾಖಲಾಗುತ್ತದೆ. ಡಿಯೆಲ್ ಈ ಅರ್ಧ ಗಂಟೆಯನ್ನು ಬಿಟ್ಟವರಲ್ಲ.

ನಮ್ಮ ವಿಧಾನಸಭೆಯ ಪ್ರಶ್ನೋತ್ತರ ವೇಳೆ, ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ, ಉಪಪ್ರಶ್ನೆ ಇವೆಲ್ಲ ಇದೇ ಪದ್ಧತಿಯ ಮುಂದುವರಿಕೆ. ಒಂದು ವಿಷಯದಲ್ಲಿ ಮಾತ್ರ ನಮಗೂ ಅವರಿಗೂ ಭಾರಿ ಅಂತರವಿದೆ. ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ, ಸಚೇತಕರ ಆಜ್ಞೆ ಮೀರಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಬ್ರಿಟನ್ನಿನಲ್ಲಿ ಅಂಥ ಕಾನೂನಿಲ್ಲ. ಪಕ್ಷ ಅವನನ್ನು ಹೊರಹಾಕಬಹುದು, ಬಡ್ತಿ ಕೊಡದಿರಬಹುದು, ಮುಂದಿನ ಸಲ ಟಿಕೆಟ್ ನಿರಾಕರಿಸಬಹುದು. ಸಂಸದ ಸ್ಥಾನವನ್ನು ಕಿತ್ತುಕೊಳ್ಳಲಾಗದು. ಡಿಯೆಲ್ ತಮ್ಮ ಪಕ್ಷದ ವಿರುದ್ಧ ಮತ್ತೆ ಮತ್ತೆ ಮತ ಹಾಕಿಯೂ 1962ರಿಂದ 2005ರವರೆಗೆ ಸಂಸದರಾಗಿ ಉಳಿಯಲು ಸಾಧ್ಯವಾದದ್ದು ಇದರಿಂದ. ಅದಕ್ಕೆ ಅವರು ತೆತ್ತ ಬೆಲೆಯೂ ಇದೆ: 43 ವರ್ಷಗಳಲ್ಲಿ ಒಮ್ಮೆಯೂ ಅವರು ಸಚಿವರಾಗಲಿಲ್ಲ.

ಗಣಿ ಕಾರ್ಮಿಕರ ಕ್ಷೇತ್ರಕ್ಕೆ ಬಂದ ಜಹಗೀರುದಾರರ ಮಗ

ಈ ಮನುಷ್ಯ ಲೇಬರ್ ಪಕ್ಷಕ್ಕೆ ಬಂದದ್ದೇ ವಿಚಿತ್ರ. 1932ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದರು. ಲಿನ್ಲಿತ್‌ಗೋ ಪಟ್ಟಣದ ಹತ್ತಿರದ ‘ದ ಬಿನ್ಸ್’ ಎಂಬ ದೊಡ್ಡ ಬಂಗಲೆ ಅವರ ವಂಶದ್ದು. ಓದಿದ್ದು ಸಿರಿವಂತರ ಮಕ್ಕಳ ಶಾಲೆಯಾದ ಈಟನ್‌ನಲ್ಲಿ, ಆಮೇಲೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ. ಅಲ್ಲಿ ಅವರು ಕನ್ಸರ್ವೇಟಿವ್ ವಿದ್ಯಾರ್ಥಿ ಸಂಘದ ಅಧ್ಯಕ್ಷರಾಗಿದ್ದರು. 1956ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ಸೇರಿ ಈಜಿಪ್ಟಿನ ಮೇಲೆ ನಡೆಸಿದ ಸೂಯೆಜ್ ದಾಳಿ ಅವರನ್ನು ಆ ಪಕ್ಷದಿಂದ ದೂರ ಮಾಡಿತು. ಲೇಬರ್ ಸೇರಿದರು. ಬೋನೆಸ್ ಎಂಬ ಊರಿನ ಶಾಲೆಯಲ್ಲಿ ಮೇಷ್ಟರಾಗಿದ್ದರು. 1962ರ ಜೂನ್‌ನ ಉಪಚುನಾವಣೆಯಲ್ಲಿ ವೆಸ್ಟ್ ಲೋಥಿಯನ್‌ನಿಂದ ಗೆದ್ದರು. ಕಲ್ಲಿದ್ದಲು ಗಣಿಗಳು, ಎಣ್ಣೆ ತೆಗೆಯುವ ಶೇಲ್ ಕಲ್ಲಿನ ಹಳೆಯ ಗಣಿಗಳು, ಬಾತ್‌ಗೇಟ್‌ನ ಟ್ರಕ್ ಕಾರ್ಖಾನೆ ಇದ್ದ ಸೀಮೆ ಅದು. ಆನುವಂಶಿಕವಾಗಿ ಬಂದ ‘ಸರ್’ ಬಿರುದನ್ನು ಅವರು ಬಳಸಲಿಲ್ಲ.

ಅವರ ಸಂಸದೀಯ ಬದುಕಿನ ಮೊದಲ ದೊಡ್ಡ ಪೆಟ್ಟು 1968ರಲ್ಲಿ ಬಿತ್ತು. ವಿಜ್ಞಾನ ಮತ್ತು ತಂತ್ರಜ್ಞಾನದ ಸದನ ಸಮಿತಿ ಪೋರ್ಟನ್ ಡೌನ್‌ಗೆ, ಅಂದರೆ ಬ್ರಿಟನ್ನಿನ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳ ಸಂಶೋಧನಾ ಕೇಂದ್ರಕ್ಕೆ, ಸಂಬಂಧಿಸಿದ ಸಾಕ್ಷ್ಯ ಕೇಳಿತ್ತು. ಡಿಯೆಲ್ ಆ ಸಮಿತಿಯ ಸದಸ್ಯ. ಸಾಕ್ಷ್ಯದ ವರದಿ ಸದನದ ಮುಂದೆ ಬರುವ ಮೊದಲೇ ಅವರು ಅದನ್ನು ‘ದಿ ಅಬ್ಸರ್ವರ್’ ಪತ್ರಿಕೆಗೆ ಕೊಟ್ಟರು. ಇದು ಸದನದ ಹಕ್ಕುಚ್ಯುತಿ. ಆ ವರ್ಷದ ಜುಲೈನಲ್ಲಿ ಅವರು ಸಭಾಂಗಣದ ಅಂಚಿನ ಗೆರೆಯ ಬಳಿ ನಿಂತು, ಸ್ಪೀಕರ್ ಹೊರೇಸ್ ಕಿಂಗ್ ಅವರ ಛೀಮಾರಿಯನ್ನು ಇಡೀ ಸದನದ ಎದುರು ಕೇಳಿಸಿಕೊಳ್ಳಬೇಕಾಯಿತು. ಯಾವ ಮಾಹಿತಿಯನ್ನು ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆ ಹದಿನಾರು ವರ್ಷಗಳ ನಂತರ ಅವರ ಮೇಜಿಗೆ ಮತ್ತೆ ಬಂತು, ಈ ಸಲ ಅಂಚೆಯ ಮೂಲಕ.

ಬೆಲ್‌ಗ್ರಾನೋ: ಹಡಗು ಯಾವ ದಿಕ್ಕಿಗೆ ಸಾಗುತ್ತಿತ್ತು?

1982ರ ಏಪ್ರಿಲ್‌ನಲ್ಲಿ ಅರ್ಜೆಂಟೀನಾ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳನ್ನು ವಶಪಡಿಸಿಕೊಂಡಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ನೌಕಾಪಡೆಯನ್ನು ಕಳಿಸಿತು, ದ್ವೀಪಗಳ ಸುತ್ತ 200 ನಾವಿಕ ಮೈಲಿಯ ನಿಷೇಧಿತ ವಲಯವನ್ನು ಘೋಷಿಸಿತು. ಮೇ 2ರಂದು ಬ್ರಿಟನ್ನಿನ ‘ಕಾಂಕರರ್’ ಜಲಾಂತರ್ಗಾಮಿ ಅರ್ಜೆಂಟೀನಾದ ಯುದ್ಧನೌಕೆ ‘ಜನರಲ್ ಬೆಲ್‌ಗ್ರಾನೋ’ವನ್ನು ಆ ವಲಯದ ಹೊರಗೆ ಹೊಡೆದು ಮುಳುಗಿಸಿತು. 323 ಮಂದಿ ಸತ್ತರು. ಆ ಯುದ್ಧದಲ್ಲಿ ಅರ್ಜೆಂಟೀನಾ ಕಳೆದುಕೊಂಡ ಸುಮಾರು 650 ಜನರಲ್ಲಿ ಅರ್ಧದಷ್ಟು ಆ ಒಂದು ಹಡಗಿನವರು.

ಎರಡು ದಿನಗಳ ನಂತರ ರಕ್ಷಣಾ ಸಚಿವ ಜಾನ್ ನಾಟ್ ಕಾಮನ್ಸ್ ಸಭೆಗೆ ವಿವರಣೆ ಕೊಟ್ಟರು. ಹಡಗು ನಮ್ಮ ನೌಕಾಪಡೆಯತ್ತ ಬರುತ್ತಿತ್ತು, ಕೆಲವೇ ಗಂಟೆಗಳ ದೂರದಲ್ಲಿತ್ತು ಎಂಬುದು ಆ ವಿವರಣೆಯ ಸಾರ. ಯುದ್ಧದ ಕಾವಿನಲ್ಲಿ ಅದನ್ನು ಬಹುತೇಕ ಎಲ್ಲರೂ ಒಪ್ಪಿದರು. ಡಿಯೆಲ್ ಯುದ್ಧವನ್ನೇ ವಿರೋಧಿಸಿದ್ದರು. ಅದಕ್ಕಾಗಿ ಲೇಬರ್ ನಾಯಕ ಮೈಕೆಲ್ ಫುಟ್ ಅವರನ್ನು ಪಕ್ಷದ ವಿಜ್ಞಾನ ವಕ್ತಾರನ ಸ್ಥಾನದಿಂದ ತೆಗೆದುಹಾಕಿದರು. ಹಿಂದಿನ ಸಾಲಿಗೆ ಮರಳಿದವರು ಒಂದೇ ಎಳೆಯನ್ನು ಹಿಡಿದು ಎಳೆಯತೊಡಗಿದರು.

ಎಳೆ ಸಿಕ್ಕಿದ್ದು ಸ್ಕಾಟ್ಲೆಂಡಿನಲ್ಲೇ. ಜುಲೈನಲ್ಲಿ ಕಾಂಕರರ್ ತನ್ನ ನೆಲೆಯಾದ ಫಾಸ್ಲೇನ್‌ಗೆ ಮರಳಿತು. ಬೆಲ್‌ಗ್ರಾನೋದ ಬೆನ್ನು ಹತ್ತಿ ಮೂವತ್ತು ಗಂಟೆಗೂ ಹೆಚ್ಚು ಕಾಲ ಸಾಗಿದ್ದೆವು, ಮೇಲಿನ ಆಜ್ಞೆಯಂತೆ ಹೊಡೆದೆವು ಎಂದು ಅದರ ಕ್ಯಾಪ್ಟನ್ ಪತ್ರಕರ್ತರಿಗೆ ಹೇಳಿದರು. ಸರ್ಕಾರದ ಕಥೆಯಲ್ಲಿ ಹಡಗು ಕಣ್ಣಿಗೆ ಬಿದ್ದದ್ದು ಮೇ 2ರಂದು. ಕ್ಯಾಪ್ಟನ್ ಮಾತು ನಿಜವಾದರೆ ಅದು ಮೇ 1ರಂದೇ ಕಂಡಿತ್ತು. ಎಷ್ಟು ಸಣ್ಣ ವ್ಯತ್ಯಾಸ! ಆದರೆ ಒಂದು ದಿನ ಮೊದಲೇ ಕಂಡಿದ್ದರೆ, ಆ ಹಡಗು ಯಾವ ದಿಕ್ಕಿಗೆ ತಿರುಗಿತು, ಯಾವಾಗ ತಿರುಗಿತು ಎಂಬುದೆಲ್ಲ ಲಂಡನ್ನಿಗೆ ಗೊತ್ತಿರಬೇಕಲ್ಲವೇ? ನಿಜಕ್ಕೂ ಬೆಲ್‌ಗ್ರಾನೋ ಮೇ 2ರ ಬೆಳಗ್ಗೆಯೇ ದಿಕ್ಕು ಬದಲಿಸಿ ಪಶ್ಚಿಮಕ್ಕೆ, ಅರ್ಜೆಂಟೀನಾದ ತೀರದ ಕಡೆಗೆ, ಸಾಗುತ್ತಿತ್ತು. ಟಾರ್ಪಿಡೊ ಬಡಿದದ್ದು ಸಂಜೆಯ ಹೊತ್ತಿಗೆ.

ಡಿಯೆಲ್ ದಿಕ್ಕು ಕೇಳಿದರು, ಗಂಟೆ ಕೇಳಿದರು, ಯಾವ ಸಂದೇಶ ಯಾವಾಗ ಬಂತು, ಯಾರು ನೋಡಿದರು ಎಂದು ಕೇಳಿದರು. ಪೆರು ದೇಶ ಮುಂದಿಟ್ಟಿದ್ದ ಶಾಂತಿ ಪ್ರಸ್ತಾಪವನ್ನು ಮುಳುಗಿಸಲೆಂದೇ ಹಡಗನ್ನು ಮುಳುಗಿಸಿದರು ಎಂಬುದು ಅವರ ದೊಡ್ಡ ಆರೋಪ. ಅದು ಸಾಬೀತಾಗಲಿಲ್ಲ. ಹಡಗಿನ ದಿಕ್ಕು ಏನೇ ಇರಲಿ ಅದು ನ್ಯಾಯಯುತ ಗುರಿಯಾಗಿತ್ತು ಎಂದು ಬೆಲ್‌ಗ್ರಾನೋದ ಕ್ಯಾಪ್ಟನ್ ಹೆಕ್ಟರ್ ಬೊನ್ಸೋ ಕೂಡ ನಂತರದ ವರ್ಷಗಳಲ್ಲಿ ಒಪ್ಪಿದ್ದರು. ಯುದ್ಧದಲ್ಲಿ ಹಡಗು ತಿರುಗಿ ಮತ್ತೆ ಬರಲು ಎಷ್ಟು ಹೊತ್ತು ಬೇಕು? ಹಾಗಾಗಿ ಮುಳುಗಿಸಿದ್ದು ತಪ್ಪೋ ಸರಿಯೋ ಎಂಬ ವಾದಕ್ಕೆ ಎರಡು ಬದಿಗಳಿವೆ. ಆದರೆ ಸದನಕ್ಕೆ ಹೇಳಿದ್ದು ನಿಜವೇ ಎಂಬ ಪ್ರಶ್ನೆಗೆ ಎರಡು ಬದಿಗಳಿಲ್ಲ. ಡಿಯೆಲ್ ಅವರ ನಿಜವಾದ ಶಕ್ತಿ ಇದ್ದದ್ದು ಈ ಎರಡನೆಯ ಪ್ರಶ್ನೆಯಲ್ಲಿ. 1963ರಲ್ಲಿ ಯುದ್ಧ ಖಾತೆಯ ಸಚಿವ ಜಾನ್ ಪ್ರೊಫ್ಯೂಮೊ ರಾಜೀನಾಮೆ ಕೊಡಬೇಕಾಗಿ ಬಂದದ್ದು ಅವರ ಖಾಸಗಿ ಸಂಬಂಧಕ್ಕಿಂತ ಹೆಚ್ಚಾಗಿ ಅದರ ಬಗ್ಗೆ ಸದನಕ್ಕೆ ಸುಳ್ಳು ಹೇಳಿದ್ದಕ್ಕೆ. ಆ ಸದನದಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ.

1984ರ ಮಾರ್ಚ್‌ನಲ್ಲಿ ಡಿಯೆಲ್ ಆಗಿನ ರಕ್ಷಣಾ ಸಚಿವ ಮೈಕೆಲ್ ಹೆಸೆಲ್ಟೈನ್ ಅವರಿಗೆ ಪ್ರಶ್ನೆಗಳ ಪಟ್ಟಿಯೊಂದನ್ನು ಬರೆದು ಕಳಿಸಿದರು. ಆ ಪತ್ರಕ್ಕೆ ಉತ್ತರದ ಕರಡು ಬರೆಯುವ ಕೆಲಸ ಇಲಾಖೆಯ ಕ್ಲೈವ್ ಪಾಂಟಿಂಗ್ ಎಂಬ ಹಿರಿಯ ಅಧಿಕಾರಿಯ ಪಾಲಿಗೆ ಬಂತು. ಅದೇ ಹೊತ್ತಿಗೆ ಬೆಲ್‌ಗ್ರಾನೋ ಪ್ರಕರಣದ ಸಮಗ್ರ ರಹಸ್ಯ ವರದಿಯನ್ನೂ ಅವರೇ ತಯಾರಿಸಿದ್ದರು. ಹೀಗಾಗಿ ಸತ್ಯವೇನು ಎಂಬುದು ಬೇರೆಯವರಿಗಿಂತ ಅವರಿಗೆ ಚೆನ್ನಾಗಿ ತಿಳಿದಿತ್ತು. ಪಾಂಟಿಂಗ್ ಸರಿಯಾದ ಉತ್ತರಗಳ ಕರಡು ಬರೆದರು. ಮೇಲಿನವರು ಅದನ್ನು ಕಳಿಸಲಿಲ್ಲ. ವಿದೇಶಾಂಗ ವ್ಯವಹಾರಗಳ ಸದನ ಸಮಿತಿ ಮಾಹಿತಿ ಕೇಳಿದಾಗ ಅದಕ್ಕೆ ಏನನ್ನು ಹೇಳದೆ ಇರಬೇಕು ಎಂಬ ಟಿಪ್ಪಣಿಯೊಂದು ಇಲಾಖೆಯಲ್ಲಿ ತಯಾರಾಯಿತು.

ಜುಲೈನಲ್ಲಿ ಪಾಂಟಿಂಗ್ ಎರಡು ದಾಖಲೆಗಳನ್ನು ಲಕೋಟೆಯಲ್ಲಿಟ್ಟು, ತಮ್ಮ ಹೆಸರು ಹಾಕದೆ, ಅಂಚೆಯಲ್ಲಿ ಡಿಯೆಲ್ ಅವರಿಗೆ ಕಳಿಸಿದರು. ಡಿಯೆಲ್ ಅದನ್ನು ಈ ಬಾರಿ ಪತ್ರಿಕೆಗೆ ಕೊಡಲಿಲ್ಲ, ವಿದೇಶಾಂಗ ವ್ಯವಹಾರಗಳ ಸಮಿತಿಗೆ ಕೊಟ್ಟರು. ಸದನದಿಂದ ಮುಚ್ಚಿಟ್ಟದ್ದನ್ನು ಸದನದ ಸಮಿತಿಗೇ ಒಪ್ಪಿಸುವುದಕ್ಕಿಂತ ಸರಿಯಾದ ದಾರಿ ಇನ್ನೊಂದಿರಲಿಲ್ಲ. ಆದರೆ ಆ ಸಮಿತಿಯ ಅಧ್ಯಕ್ಷ, ಕನ್ಸರ್ವೇಟಿವ್ ಸದಸ್ಯ ಸರ್ ಆಂಟನಿ ಕರ್ಶಾ ದಾಖಲೆಗಳನ್ನು ನೇರವಾಗಿ ರಕ್ಷಣಾ ಸಚಿವರಿಗೆ ಮರಳಿಸಿದರು. ಸರ್ಕಾರದ ಮೇಲೆ ಕಣ್ಣಿಡಬೇಕಾದ ಸಮಿತಿಯ ಅಧ್ಯಕ್ಷರೇ ಹಾಗೆ ಮಾಡಿದ್ದು ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಬೇಸರ ತರುವ ಸಂಗತಿ. ಪಾಂಟಿಂಗ್ ಸಿಕ್ಕಿಬಿದ್ದರು. 1911ರ ಅಧಿಕೃತ ರಹಸ್ಯಗಳ ಕಾಯ್ದೆಯ ಎರಡನೆಯ ಸೆಕ್ಷನ್ ಅಡಿ ಮೊಕದ್ದಮೆ ಹೂಡಿದರು.

ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಪಾಂಟಿಂಗ್ ತಾವು ದಾಖಲೆ ಕಳಿಸಿದ್ದನ್ನು ಅಲ್ಲಗಳೆಯಲಿಲ್ಲ. ರಾಷ್ಟ್ರದ ಹಿತಕ್ಕಾಗಿ, ಸಂಸತ್ತಿನ ಸದಸ್ಯನೊಬ್ಬನಿಗೆ ಕೊಟ್ಟೆ ಎಂಬುದು ಅವರ ವಾದ. ರಾಷ್ಟ್ರದ ಹಿತ ಎಂದರೆ ಅಧಿಕಾರದಲ್ಲಿರುವ ಸರ್ಕಾರ ಯಾವುದನ್ನು ಹಾಗೆಂದು ಹೇಳುತ್ತದೋ ಅದೇ ಎಂದು ನ್ಯಾಯಾಧೀಶ ಮೆಕ್‌ಕವನ್ ಜ್ಯೂರಿಗೆ ತಿಳಿಸಿಹೇಳಿದರು. ಆ ಮಾತಿಗೆ ಕಟ್ಟುಬಿದ್ದರೆ ಶಿಕ್ಷೆ ಖಚಿತ. ಆದರೆ 1985ರ ಫೆಬ್ರವರಿ 11ರಂದು ಜ್ಯೂರಿಯ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರು ಪಾಂಟಿಂಗ್ ನಿರ್ದೋಷಿ ಎಂದು ತೀರ್ಪು ಕೊಟ್ಟರು.

ಸರ್ಕಾರ ಆ ತೀರ್ಪಿನಿಂದ ಕಲಿತದ್ದೇ ಬೇರೆ. 1989ರ ಹೊಸ ಕಾಯ್ದೆ ಹಳೆಯ ಎರಡನೆಯ ಸೆಕ್ಷನ್ನನ್ನು ತೆಗೆದುಹಾಕಿತು, ಆದರೆ ಸಾರ್ವಜನಿಕ ಹಿತಕ್ಕಾಗಿ ಬಹಿರಂಗಪಡಿಸಿದೆ ಎಂಬ ವಾದಕ್ಕೆ ಜಾಗವನ್ನೇ ಇಡಲಿಲ್ಲ. ನಮ್ಮ ದೇಶದಲ್ಲಿ ಇಂದಿಗೂ ಜಾರಿಯಲ್ಲಿರುವ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಆ 1911ರ ಕಾಯ್ದೆಯ ಮಾದರಿಯಲ್ಲೇ ಹುಟ್ಟಿದ್ದು. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(2) ಮಾತ್ರ, ಸಾರ್ವಜನಿಕ ಹಿತ ಹೆಚ್ಚಿನದಾದರೆ ಆ ರಹಸ್ಯ ಕಾಯ್ದೆಯ ಹೊರತಾಗಿಯೂ ಮಾಹಿತಿ ಕೊಡಬಹುದು ಎನ್ನುತ್ತದೆ. ಪಾಂಟಿಂಗ್ ಜ್ಯೂರಿಯ ಮುಂದೆ ಮಂಡಿಸಿದ ವಾದಕ್ಕೆ ಹತ್ತಿರದ ತತ್ವ ಇದು.

ಸದನದಲ್ಲಿ ಯಾವ ಸದಸ್ಯನನ್ನೂ ಸುಳ್ಳುಗಾರ ಎನ್ನುವಂತಿಲ್ಲ. ಹೇಳಿದರೆ ಹಿಂಪಡೆಯಬೇಕು, ಇಲ್ಲವೇ ಹೊರನಡೆಯಬೇಕು. ಡಿಯೆಲ್ ಥ್ಯಾಚರ್ ಅವರನ್ನು ಸುಳ್ಳುಗಾರ್ತಿ ಎಂದರು, ಹಿಂಪಡೆಯಲು ಒಪ್ಪಲಿಲ್ಲ, ಒಂದಕ್ಕಿಂತ ಹೆಚ್ಚು ಬಾರಿ ಸದನದಿಂದ ಹೊರಗೆ ಹಾಕಿಸಿಕೊಂಡರು.

ಹಿಡಿದ ಪಟ್ಟು ಬಿಡದ ಈ ಸ್ವಭಾವ ಅವರನ್ನು ತಪ್ಪು ದಾರಿಗೂ ಎಳೆಯಿತು. 1984ರ ಮಾರ್ಚ್‌ನಲ್ಲಿ ಹಿಲ್ಡಾ ಮರೆಲ್ ಎಂಬ ಹಿರಿಯ ಮಹಿಳೆಯ ಕೊಲೆಯಾಯಿತು. ಅವರು ಅಣುವಿದ್ಯುತ್ತಿನ ವಿರುದ್ಧ ಹೋರಾಡುತ್ತಿದ್ದರು. ಅವರ ಸೋದರಳಿಯ ಫಾಕ್‌ಲ್ಯಾಂಡ್ ಯುದ್ಧದ ಕಾಲದಲ್ಲಿ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿದ್ದರು. ಬೆಲ್‌ಗ್ರಾನೋ ಕಾಗದಗಳನ್ನು ಹುಡುಕಿಕೊಂಡು ಹೋದ ಗುಪ್ತಚರರ ಕೈವಾಡ ಈ ಸಾವಿನ ಹಿಂದಿದೆ ಎಂದು ಆ ವರ್ಷದ ಡಿಸೆಂಬರ್‌ನಲ್ಲಿ ಡಿಯೆಲ್ ಸದನದಲ್ಲೇ ಹೇಳಿದರು. ದೇಶದ ತುಂಬ ಗುಲ್ಲೆದ್ದಿತು. 2005ರಲ್ಲಿ ಡಿಎನ್‌ಎ ಸಾಕ್ಷ್ಯದ ಆಧಾರದ ಮೇಲೆ ಶಿಕ್ಷೆಯಾದದ್ದು ಕೊಲೆಯ ಕಾಲಕ್ಕೆ ಹದಿನಾರು ವರ್ಷದವನಾಗಿದ್ದ ಸ್ಥಳೀಯನೊಬ್ಬನಿಗೆ. ಸದನದೊಳಗಿನ ಮಾತಿಗೆ ಮಾನನಷ್ಟ ಮೊಕದ್ದಮೆಯ ಭಯವಿಲ್ಲ. ಆ ರಕ್ಷಣೆ ಇರುವುದರಿಂದಲೇ ಬೆಲ್‌ಗ್ರಾನೋ ಪ್ರಶ್ನೆ ಸಾಧ್ಯವಾಯಿತು, ಆ ರಕ್ಷಣೆಯೇ ಈ ಆರೋಪಕ್ಕೂ ಅವಕಾಶ ಕೊಟ್ಟಿತು. ಹೊರಗಿನಿಂದ ಬಂದ ಮಾಹಿತಿ ಗಟ್ಟಿಯಿದ್ದಾಗ ಡಿಯೆಲ್ ಅವರನ್ನು ಅಲುಗಾಡಿಸಲು ಯಾರಿಗೂ ಆಗುತ್ತಿರಲಿಲ್ಲ. ಮಾಹಿತಿ ಜೊಳ್ಳಾದಾಗಲೂ ಅವರು ಅಷ್ಟೇ ಗಟ್ಟಿಯಾಗಿ ನಿಲ್ಲುತ್ತಿದ್ದರು. ಅವರನ್ನು ಮೆಚ್ಚುವವರು ಇದನ್ನೂ ಹೇಳಬೇಕು.

ಎರಡು ಬ್ಲ್ಯಾಕ್‌ಬರ್ನ್‌ಗಳು

ಡಿಯೆಲ್ ಹೆಸರು ಹೆಚ್ಚಾಗಿ ಅಂಟಿಕೊಂಡಿರುವುದು ಅವರ ಕ್ಷೇತ್ರದ ಹೆಸರಿನಲ್ಲೇ ಕರೆಯುವ ‘ವೆಸ್ಟ್ ಲೋಥಿಯನ್ ಪ್ರಶ್ನೆ’ಗೆ. ಇದು ಕಬ್ಬಿಣದ ಕಡಲೆಯಂತೆ ಕಂಡರೂ ಒಳಗಿನ ವಿಷಯ ಸರಳವಾಗಿದೆ.

1970ರ ದಶಕದಲ್ಲಿ ಲೇಬರ್ ಸರ್ಕಾರ ಸ್ಕಾಟ್ಲೆಂಡಿಗೆ ತನ್ನದೇ ಶಾಸನಸಭೆ ಕೊಡಲು ಹೊರಟಿತು. ಶಿಕ್ಷಣ, ಆರೋಗ್ಯ, ವಸತಿ ಮೊದಲಾದ ವಿಷಯಗಳು ಎಡಿನ್‌ಬರೋಗೆ ಹೋಗುತ್ತವೆ. ಆದರೆ ಇಂಗ್ಲೆಂಡಿಗೆ ಪ್ರತ್ಯೇಕ ಶಾಸನಸಭೆಯಿಲ್ಲ. ಅದರ ಶಾಲೆ, ಆಸ್ಪತ್ರೆಗಳ ಬಗ್ಗೆ ತೀರ್ಮಾನಿಸುವುದು ಲಂಡನ್ನಿನ ಸಂಸತ್ತೇ. ಆ ಸಂಸತ್ತಿನಲ್ಲಿ ಸ್ಕಾಟ್ಲೆಂಡಿನ ಸಂಸದರೂ ಎಂದಿನಂತೆ ಕೂತಿರುತ್ತಾರೆ. ಭಾರತದಲ್ಲಿ ಈ ತೊಡಕು ಹೀಗೆ ಏಳುವುದಿಲ್ಲ. ಪ್ರತಿ ರಾಜ್ಯಕ್ಕೂ ವಿಧಾನಸಭೆಯಿದೆ; ಕರ್ನಾಟಕದ ಪೊಲೀಸ್ ವ್ಯವಸ್ಥೆಯ ಕಾನೂನನ್ನು ತಮಿಳುನಾಡಿನವರಾಗಲಿ ತಮಿಳುನಾಡಿನದನ್ನು ಕರ್ನಾಟಕದವರಾಗಲಿ ಮಾಡುವುದಿಲ್ಲ. ಬ್ರಿಟನ್ ಮಾಡಹೊರಟದ್ದು ಒಂದು ಕಡೆಗೆ ಮಾತ್ರ ಬಾಗಿಲಿರುವ ಏರ್ಪಾಡು.

1977ರ ನವೆಂಬರ್ 14ರಂದು ಸ್ಕಾಟ್ಲೆಂಡ್ ಮಸೂದೆಯ ಚರ್ಚೆಯಲ್ಲಿ ಡಿಯೆಲ್ ಇದನ್ನೇ ಕೇಳಿದರು. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ 119 ಸದಸ್ಯರು ಇಂಗ್ಲೆಂಡಿನ ವಿಷಯಗಳಲ್ಲಿ ನಿರ್ಣಾಯಕ ಮತ ಹಾಕುತ್ತಿರಲಿ, ತಮ್ಮದೇ ಊರಿನ ಅದೇ ವಿಷಯಗಳಲ್ಲಿ ಅವರಿಗೆ ಮಾತೇ ಇಲ್ಲದಿರಲಿ ಎಂಬುದನ್ನು ಇಂಗ್ಲೆಂಡಿನವರು ಎಷ್ಟು ಕಾಲ ಸಹಿಸುತ್ತಾರೆ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಅದಕ್ಕೊಂದು ಹೆಸರು ಕೊಟ್ಟವರು ಎದುರು ಪಾಳಯದ ಈನಕ್ ಪವೆಲ್. ಡಿಯೆಲ್ ಕೊಟ್ಟ ಉದಾಹರಣೆಯೇ ಎಲ್ಲಕ್ಕಿಂತ ಸ್ಪಷ್ಟ. ಅವರ ಕ್ಷೇತ್ರದಲ್ಲಿ ಬ್ಲ್ಯಾಕ್‌ಬರ್ನ್ ಎಂಬ ಊರಿದೆ. ಇಂಗ್ಲೆಂಡಿನ ಲ್ಯಾಂಕಶರ್‌ನಲ್ಲೂ ಒಂದು ಬ್ಲ್ಯಾಕ್‌ಬರ್ನ್ ಇದೆ. ಮಸೂದೆ ಪಾಸಾದರೆ ಅವರು ಲ್ಯಾಂಕಶರ್‌ನ ಬ್ಲ್ಯಾಕ್‌ಬರ್ನ್‌ನ ಶಾಲೆಗಳ ಬಗ್ಗೆ ಮತ ಹಾಕಬಹುದು, ತಮ್ಮನ್ನು ಗೆಲ್ಲಿಸಿ ಕಳಿಸಿದ ಬ್ಲ್ಯಾಕ್‌ಬರ್ನ್‌ನ ಶಾಲೆಗಳ ಬಗ್ಗೆ ಹಾಕುವಂತಿಲ್ಲ.

ಪ್ರಶ್ನೆ ಹೊಸದಲ್ಲ. 1886ರಲ್ಲಿ ಗ್ಲ್ಯಾಡ್‌ಸ್ಟನ್ ಐರ್ಲೆಂಡಿಗೆ ಸ್ವಯಮಾಡಳಿತ ಕೊಡಹೊರಟಾಗಲೂ ಐರಿಷ್ ಸದಸ್ಯರನ್ನು ಲಂಡನ್ನಿನಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ ಎಂಬಲ್ಲೇ ಎಡವಿದ್ದರು. ಡಿಯೆಲ್ ಮಾಡಿದ್ದೇನೆಂದರೆ, ಆ ಪ್ರಶ್ನೆಯನ್ನು ಮಸೂದೆಯ ಚರ್ಚೆ ನಡೆದ ದಿನಗಳಲ್ಲೆಲ್ಲ ಮತ್ತೆ ಮತ್ತೆ, ಬೇಸರ ಬರುವಷ್ಟು, ಎತ್ತಿದರು. ಸ್ವಪಕ್ಷದವರೇ ಸಿಡಿಮಿಡಿಗೊಂಡರು.

ಆ ಮಸೂದೆಗೆ ನಿಜವಾದ ಏಟು ಕೊಟ್ಟದ್ದು ಇನ್ನೊಬ್ಬ ಹಿಂದಿನ ಸಾಲಿನ ಸದಸ್ಯ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿನ ಇಸ್ಲಿಂಗ್ಟನ್‌ನಿಂದ ಗೆದ್ದಿದ್ದ ಲೇಬರ್ ಸಂಸದ ಜಾರ್ಜ್ ಕನ್ನಿಂಗ್‌ಹ್ಯಾಮ್ 1978ರ ಜನವರಿಯಲ್ಲಿ ಒಂದು ತಿದ್ದುಪಡಿ ತಂದು ಗೆದ್ದರು: ಜನಮತಗಣನೆಯಲ್ಲಿ ಬಹುಮತ ಬಂದರೆ ಸಾಲದು, ಮತದಾರರ ಪಟ್ಟಿಯಲ್ಲಿರುವವರ ಶೇ 40ರಷ್ಟು ಮಂದಿ ‘ಹೌದು’ ಎನ್ನಬೇಕು. 1979ರ ಮಾರ್ಚ್ 1ರಂದು ಮತ ಹಾಕಿದವರಲ್ಲಿ ಶೇ 51.6 ಮಂದಿ ಹೌದು ಎಂದರು. ಇಡೀ ಪಟ್ಟಿಯ ಲೆಕ್ಕದಲ್ಲಿ ಅದು ಶೇ 32.9 ಮಾತ್ರ. ಯೋಜನೆ ಬಿದ್ದುಹೋಯಿತು. ಸ್ಕಾಟಿಷ್ ರಾಷ್ಟ್ರೀಯವಾದಿಗಳು ಸರ್ಕಾರದಿಂದ ದೂರ ಸರಿದರು. ಮಾರ್ಚ್ 28ರಂದು ಅವಿಶ್ವಾಸ ನಿರ್ಣಯ 311-310ರಲ್ಲಿ, ಒಂದೇ ಮತದ ಅಂತರದಲ್ಲಿ, ಗೆದ್ದಿತು. ಮೇ ತಿಂಗಳ ಚುನಾವಣೆಯಲ್ಲಿ ಥ್ಯಾಚರ್ ಪ್ರಧಾನಿಯಾದರು. ಹಿಂದಿನ ಸಾಲಿನ ಒಂದು ತಿದ್ದುಪಡಿ ಹದಿನಾಲ್ಕು ತಿಂಗಳಲ್ಲಿ ತನ್ನದೇ ಪಕ್ಷದ ಸರ್ಕಾರ ಬೀಳಲು ದಾರಿ ಮಾಡಿತು. ಇದು ಆ ಸಾಲಿನ ಶಕ್ತಿಯೂ ಹೌದು, ಹೊಣೆಯೂ ಹೌದು.

1997ರ ಎರಡನೆಯ ಜನಮತಗಣನೆಯಲ್ಲಿ ಶೇ 74.3 ಮಂದಿ ಸ್ಕಾಟಿಷ್ ಸಂಸತ್ತಿನ ಪರ ಮತ ಹಾಕಿದರು. 1999ರಲ್ಲಿ ಅದು ಎಡಿನ್‌ಬರೋದಲ್ಲಿ ಸೇರಿತು. ಆ ಯೋಜನೆಯನ್ನೇ ವಿರೋಧಿಸುತ್ತಿದ್ದ ಡಿಯೆಲ್ ಅಲ್ಲಿಗೆ ಸೋತರು, ಅವರ ಪ್ರಶ್ನೆ ಸೋಲಲಿಲ್ಲ. 2004ರ ಜನವರಿಯಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಶುಲ್ಕ ಏರಿಸುವ ಮಸೂದೆ ಕಾಮನ್ಸ್ ಸಭೆಯಲ್ಲಿ ಕೇವಲ 5 ಮತಗಳ ಅಂತರದಿಂದ ಉಳಿಯಿತು. ಸ್ಕಾಟ್ಲೆಂಡಿನ ಲೇಬರ್ ಸಂಸದರ ಮತಗಳಿಲ್ಲದಿದ್ದರೆ ಅದು ಬೀಳುತ್ತಿತ್ತು. ಅವರ ಸ್ವಂತ ಕ್ಷೇತ್ರಗಳ ವಿದ್ಯಾರ್ಥಿಗಳ ಶುಲ್ಕವನ್ನು ನಿರ್ಧರಿಸುತ್ತಿದ್ದದ್ದು ಎಡಿನ್‌ಬರೋ. 1977ರಲ್ಲಿ ಕಾಲ್ಪನಿಕ ಎನಿಸಿದ್ದ ಎರಡು ಬ್ಲ್ಯಾಕ್‌ಬರ್ನ್‌ಗಳ ಕಥೆ ಆ ಸಂಜೆ ಮತಗಳ ಲೆಕ್ಕವಾಗಿ ಎದುರಿಗೆ ಬಂತು.

2001ರಿಂದ ನಾಲ್ಕು ವರ್ಷ ಡಿಯೆಲ್ ಸದನದ ಅತಿ ದೀರ್ಘಕಾಲದ ಸದಸ್ಯರಾಗಿ ‘ಸದನದ ತಂದೆ’ ಎಂಬ ಗೌರವ ಹೊಂದಿದ್ದರು. ಆಗಲೂ ಹಿಂದಿನ ಸಾಲಿನಿಂದ ಸ್ವಪಕ್ಷದ ಪ್ರಧಾನಿ ಟೋನಿ ಬ್ಲೇರ್ ಅವರ ಇರಾಕ್ ಯುದ್ಧವನ್ನು ವಿರೋಧಿಸಿದರು. 2017ರ ಜನವರಿ 26ರಂದು ತೀರಿಕೊಂಡರು. ಅದಕ್ಕೆ ಹದಿನೈದು ತಿಂಗಳು ಮೊದಲು, 2015ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ ಮಸೂದೆಗಳಿಗೆ ಇಂಗ್ಲೆಂಡಿನ ಸಂಸದರ ಪ್ರತ್ಯೇಕ ಒಪ್ಪಿಗೆ ಬೇಕೆಂಬ ನಿಯಮವನ್ನು ಕಾಮನ್ಸ್ ಸಭೆ ಮಾಡಿಕೊಂಡಿತ್ತು. ಅದು ಜಟಿಲವಾಯಿತು, ಯಾರಿಗೂ ತೃಪ್ತಿ ಕೊಡಲಿಲ್ಲ. 2021ರ ಜುಲೈನಲ್ಲಿ ಸದನ ಅದನ್ನು ರದ್ದು ಮಾಡಿ, ಸ್ಕಾಟ್ಲೆಂಡಿನ ಸಂಸದರು ಇಂಗ್ಲೆಂಡಿನ ಶಾಲೆ, ಆಸ್ಪತ್ರೆಗಳ ಬಗ್ಗೆ ಮೊದಲಿನಂತೆಯೇ ಮತ ಹಾಕುವ ಹಳೆಯ ಪದ್ಧತಿಗೆ ಮರಳಿತು.